ಪಾಂಫ್ರೆಟ್: ಮೀನಿನ ಹೆಸರು ಊರಿಗೆ ಬಂತಾ, ಊರಿನ ಹೆಸರು ಮೀನಿಗೆ ಬಂತಾ?

ಬ್ರಹ್ಮಾವರ_ಲೀಡ್ಸ್ ಕೇಳಿದ ಪ್ರಶ್ನೆ:

ನಮಸ್ಕಾರ ಎಲ್ಲರಿಗೂ. ನಾನು ಬ್ರಹ್ಮಾವರದ ಕಡೆಯವಳು, ಈಗ ಕೆಲಸ ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಇಲ್ಲಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಪಾಂಟಿಫ್ರ್ಯಾಕ್ಟ್ ಅಂತ ಒಂದು ಊರಿದೆ. ಹಾಳುಬಿದ್ದ ಹಳೇ ಕೋಟೆ, ಕುದುರೆ ರೇಸಿನ ಮೈದಾನ ಎಲ್ಲ ಇರುವ ಊರು. ಅಲ್ಲಿ ನಾಣ್ಯದ ಹಾಗೆ ದುಂಡಗೆ, ಚಪ್ಪಟೆಯಾಗಿ ಇರುವ ಕಪ್ಪು ಮಿಠಾಯಿ ಸಿಗುತ್ತದೆ. ಅದಕ್ಕೆ ಪಾಂಟಿಫ್ರ್ಯಾಕ್ಟ್ ಕೇಕ್ ಅಂತಲೂ ಹೇಳ್ತಾರೆ, ಪಾಂಫ್ರೆಟ್ ಕೇಕ್ ಅಂತಲೂ ಹೇಳ್ತಾರೆ. ಪಾಂಫ್ರೆಟ್ ಅಂದ್ರೆ ನಮ್ಮ ಕಡೆಯವರಿಗೆ ಮಾಂಜಿ ಮೀನು ಬಿಟ್ಟು ಬೇರೇನು ನೆನಪಾಗುತ್ತೆ ಹೇಳಿ. ಆಫೀಸಿನಲ್ಲಿ ವಿಚಾರಿಸಿದರೆ, ಆ ಊರಿನ ಹೆಸರನ್ನೇ ಹಿಂದೆ ಪಾಂಫ್ರೆಟ್ ಅಂತ ಹೇಳುತ್ತಿದ್ದರಂತೆ. ಅಮೆರಿಕದಲ್ಲೂ ಪಾಂಫ್ರೆಟ್ ಅನ್ನೋ ಊರುಗಳಿವೆಯಂತೆ.

ಇದನ್ನು ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ, ದೊಡ್ಡ ಚರ್ಚೆಯೇ ಶುರುವಾಯಿತು. ದೊಡ್ಡಪ್ಪ ಹೇಳುವುದು, ಬ್ರಿಟಿಷರ ಕಾಲದಲ್ಲಿ ಆ ಊರಿನ ಒಬ್ಬ ಸಾಹೇಬ ಮಂಗಳೂರಿಗೆ ಕಲೆಕ್ಟರ್ ಆಗಿ ಬಂದು, ಮಾಂಜಿ ತಿಂದು ಮೆಚ್ಚಿ, ಅದಕ್ಕೆ ತನ್ನ ಊರಿನ ಹೆಸರಿಟ್ಟ ಅಂತ. ಅಕ್ಕ ಹೇಳುವುದು ಉಲ್ಟಾ, ಆ ಊರಿನಲ್ಲಿ ಮೀನಿನ ಸಂತೆ ಇದ್ದಿರಬೇಕು, ಹಾಗಾಗಿ ಮೀನಿನ ಹೆಸರು ಊರಿಗೆ ಬಂತು ಅಂತ. ಆದರೆ ಪಾಂಟಿಫ್ರ್ಯಾಕ್ಟ್ ಸಮುದ್ರದ ದಡದಲ್ಲೇ ಇಲ್ಲ. ಇಲ್ಲಿನ ಅಂಗಡಿಗಳಲ್ಲಿ ಮಾಂಜಿ ಬೇಕು ಅಂದ್ರೆ ಏಷ್ಯಾದವರ ಅಂಗಡಿಗೇ ಹೋಗಿ ಫ್ರೋಜನ್ ತರಬೇಕು. ಎರಡಕ್ಕೂ ನಿಜವಾಗಿ ಏನಾದರೂ ನಂಟು ಇದೆಯಾ? ಗೊತ್ತಿದ್ದವರು ದಯವಿಟ್ಟು ಸ್ವಲ್ಪ ವಿವರವಾಗಿ ಬರೆಯಿರಿ.

---

ಪದದ_ಜಾಡು:

ಒಳ್ಳೆಯ ಪ್ರಶ್ನೆ. ಎರಡೂ ಹೆಸರು ಬೇರೆ ಬೇರೆ ಕಡೆಯಿಂದ ಬಂದಿವೆ. ಊರಿನದು ಸೇತುವೆಯಿಂದ, ಮೀನಿನದು ದ್ರಾಕ್ಷಿ ಬಳ್ಳಿಯ ಎಲೆಯಿಂದ.

ಮೊದಲು ಊರಿನದು ಹೇಳುತ್ತೇನೆ. ಲ್ಯಾಟಿನ್‌ನಲ್ಲಿ ಪಾನ್ಸ್ ಅಂದ್ರೆ ಸೇತುವೆ, ಫ್ರಾಕ್ಟಸ್ ಅಂದ್ರೆ ಮುರಿದದ್ದು. ಕೈಕಾಲು ಮುರಿದಾಗ ನಾವು ಫ್ರಾಕ್ಚರ್ ಅನ್ನುತ್ತೇವಲ್ಲ, ಅದೇ ಬೇರು. ಮುರಿದ ಸೇತುವೆಯ ಊರು ಅಂತ ಅರ್ಥ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದರು. ಅವರ ಆಡುಮಾತು ಫ್ರೆಂಚ್, ಕಾಗದಪತ್ರದ ಭಾಷೆ ಲ್ಯಾಟಿನ್. ಹಾಗಾಗಿ ಒಂದೇ ಊರಿಗೆ ಬರೆಯೋ ಹೆಸರು ಒಂದು, ಕರೆಯೋ ಹೆಸರು ಇನ್ನೊಂದು ಆಯಿತು. ಬರಹದಲ್ಲಿ ಪಾಂಟಿಫ್ರ್ಯಾಕ್ಟ್ ಉಳಿಯಿತು, ಬಾಯಲ್ಲಿ ಪಾಂಟ್‌ಫ್ರೆಟ್ ಆಗಿ ಆಮೇಲೆ ಪಾಂಫ್ರೆಟ್ ಆಯಿತು. ತುಟಿಯಿಂದ ಹೊರಡುವ ಫ ಪಕ್ಕದಲ್ಲಿದ್ದರೆ ಅದರ ಹಿಂದಿನ ನ ಸಹಜವಾಗಿ ಮ ಕಡೆ ಜಾರುತ್ತೆ, ಜೋರಾಗಿ ಹೇಳಿ ನೋಡಿ. ನಾರ್ಮನ್ನರು ಬರುವ ಮುಂಚೆ ಅಲ್ಲಿ ಈ ಹೆಸರೇ ಇರಲಿಲ್ಲ. 1086ರಲ್ಲಿ ರಾಜ ಮಾಡಿಸಿದ ಆಸ್ತಿ ಲೆಕ್ಕದಲ್ಲಿ ಆ ಜಾಗಕ್ಕೆ ಟ್ಯಾನ್‌ಶೆಲ್ಫ್ ಅನ್ನೋ ಹೆಸರಿದೆ.

ಸೇತುವೆ ಮುರಿದದ್ದರ ಬಗ್ಗೆ ಒಂದು ಪವಾಡದ ಕಥೆಯೂ ಓಡಾಡುತ್ತೆ. 1154ರಲ್ಲಿ ಯಾರ್ಕ್‌ನ ಆರ್ಚ್‌ಬಿಷಪ್ ವಿಲಿಯಂ ವಾಪಸ್ ಬಂದಾಗ ನೋಡಲು ಸೇರಿದ ಜನರ ಭಾರಕ್ಕೆ ಸೇತುವೆ ಕುಸಿಯಿತು, ಆದರೂ ಯಾರೂ ಸಾಯಲಿಲ್ಲ, ಅದಕ್ಕೇ ಈ ಹೆಸರು ಅಂತ. ಆದರೆ ಆ ಘಟನೆ ನಡೆದದ್ದು ಯಾರ್ಕ್ ನಗರದ ಔಸ್ ನದಿಯ ಸೇತುವೆ ಮೇಲೆ. ಊರಿನ ಹೆಸರು ಅದಕ್ಕೂ ಎಷ್ಟೋ ಮುಂಚಿನ ದಾಖಲೆಗಳಲ್ಲೇ ಇದೆ. ಹೆಸರು ಮೊದಲು ಇರುತ್ತೆ, ಅದಕ್ಕೊಂದು ಕಥೆ ಆಮೇಲೆ ಬಂದು ಸೇರುತ್ತೆ, ನಮ್ಮ ಊರುಗಳ ಸ್ಥಳಪುರಾಣದಲ್ಲೂ ಹೀಗೆ ಆಗಿದೆ ಅಲ್ವಾ.

ಆ ಕೋಟೆ ಸಾಮಾನ್ಯದ್ದಲ್ಲ. ಇಂಗ್ಲೆಂಡಿನ ಎರಡನೇ ರಿಚರ್ಡ್ ದೊರೆ ಪಟ್ಟ ಕಳೆದುಕೊಂಡ ಮೇಲೆ ಅಲ್ಲೇ ಸೆರೆಯಲ್ಲಿದ್ದು 1400ರಲ್ಲಿ ಸತ್ತ. ಷೇಕ್ಸ್‌ಪಿಯರ್ ನಾಟಕಗಳಲ್ಲಿ ಈ ಜಾಗದ ಮಾತು ಬರುವಾಗ ಪಾಂಫ್ರೆಟ್ ಅಂತಲೇ ಇದೆ. ಅಂದ್ರೆ ಆ ಕಾಲದ ಜನ ಹಾಗೇ ಹೇಳುತ್ತಿದ್ದರು. ಓದು ಬರಹ ಹೆಚ್ಚಾದ ಮೇಲೆ ಜನ ಬರೆದದ್ದನ್ನೇ ನೋಡಿ ಉಚ್ಚರಿಸತೊಡಗಿದರು, ಪಾಂಟಿಫ್ರ್ಯಾಕ್ಟ್ ಗೆದ್ದಿತು, ಹಳೇ ಹೆಸರು ಮಿಠಾಯಿಯಲ್ಲಿ ಉಳಿಯಿತು. ಅಂದಹಾಗೆ ಆ ಮಿಠಾಯಿ ಮಾಡುವುದು ಅತಿಮಧುರದ ಬೇರಿನ ರಸದಿಂದ. ಕೆಮ್ಮಿಗೆ ನಮ್ಮ ಮನೆಗಳಲ್ಲಿ ಜಗಿಯಲು ಕೊಡುತ್ತಾರಲ್ಲ, ಜ್ಯೇಷ್ಠಮಧು, ಅದೇ. ಅಲ್ಲೂ ಮೊದಲು ಔಷಧಿಯಾಗಿಯೇ ಇತ್ತು. 1760ರಲ್ಲಿ ಜಾರ್ಜ್ ಡನ್‌ಹಿಲ್ ಅನ್ನೋ ಔಷಧಿ ಅಂಗಡಿಯವನು ಸಕ್ಕರೆ ಸೇರಿಸಿ ಮಿಠಾಯಿ ಮಾಡಿದ ಅಂತ ಹೇಳುತ್ತಾರೆ. ಮುಂದಿನ ಸಲ ತಗೊಂಡಾಗ ನೋಡಿ, ಮೇಲೆ ಕೋಟೆಯ ಮುದ್ರೆ ಇರುತ್ತೆ.

ಈಗ ಮೀನಿಗೆ ಬರೋಣ. ಇಲ್ಲಿ ಬ್ರಿಟಿಷರಿಗಿಂತ ಮುಂಚೆ ಪೋರ್ಚುಗೀಸರನ್ನು ನೆನೆಯಬೇಕು. ಪೋರ್ಚುಗೀಸ್ ಭಾಷೆಯಲ್ಲಿ ಪಾಂಪಾನೊ ಅಂದ್ರೆ ದ್ರಾಕ್ಷಿ ಬಳ್ಳಿಯ ಎಲೆ, ಚಿಗುರು. ಲ್ಯಾಟಿನ್‌ನ ಪಾಂಪಿನಸ್‌ನಿಂದ ಬಂದದ್ದು. ಅಗಲವಾಗಿ, ತೆಳ್ಳಗೆ, ಎಲೆಯಂತೆ ಇರುವ ಕೆಲವು ಮೀನುಗಳಿಗೆ ಅವರು ಪಾಂಪೊ, ಪಾಂಪಾನೊ ಅಂತ ಹೇಳುತ್ತಿದ್ದರು. 1498ರಲ್ಲಿ ವಾಸ್ಕೋ ಡ ಗಾಮ ಬಂದ, 1510ರಲ್ಲಿ ಗೋವಾ ಅವರ ಕೈಸೇರಿತು. ನಮ್ಮ ಕರಾವಳಿಯಲ್ಲಿ ಮಾಂಜಿ ನೋಡಿದಾಗ ಗೊತ್ತಿದ್ದ ಹೆಸರನ್ನೇ ಇಟ್ಟರು. ಅವರಿಂದ ನಮಗೆ ಮೇಜು, ಚಾವಿ, ಜನೇಲು, ಅನಾನಸು ಬಂದ ಹಾಗೆ ಈ ಮೀನಿನ ಹೆಸರೂ ಬಂದರುಗಳಲ್ಲಿ ಹಬ್ಬಿತು. ಪುದುಚೇರಿಯ ಫ್ರೆಂಚರು ಇದನ್ನು ಪಾಂಪ್ಲ್ ಅನ್ನುತ್ತಿದ್ದರು.

ಬ್ರಿಟಿಷರಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅನ್ನೋ ಹಡಗಿನ ವ್ಯಾಪಾರಿ 1727ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಒಡಿಶಾದ ಬಾಲಾಸೋರ್ ಕಡೆಯ ಸಮುದ್ರದ ಬಗ್ಗೆ ಬರೆಯುತ್ತಾ, ಅಲ್ಲಿ ಪಾಂಪ್ಲಿ ಅನ್ನೋ ಬಹಳ ರುಚಿಯಾದ ಮೀನು ಹಿಂಡು ಹಿಂಡಾಗಿ ಬರುತ್ತೆ, ನೂರಕ್ಕೆ ಎರಡು ಪೆನ್ನಿ ಬೆಲೆ, ಎರಡು ಮೀನಿದ್ದರೆ ಒಬ್ಬನ ಊಟಕ್ಕೆ ಸಾಕು ಅಂತ ಹೇಳಿದ್ದಾನೆ. ನೋಡಿ, ಇನ್ನೂ ಅದು ಪಾಂಫ್ರೆಟ್ ಆಗಿಲ್ಲ. ಮಂಗಳೂರು ಬ್ರಿಟಿಷರ ಆಡಳಿತಕ್ಕೆ ಬಂದದ್ದು 1799ರಲ್ಲಿ ಟಿಪ್ಪು ಸತ್ತ ಮೇಲೆ. ಕಲೆಕ್ಟರ್ ಸಾಹೇಬರು ಬರುವುದಕ್ಕೆ ಮುಂಚೆಯೇ ಹೆಸರು ಇತ್ತು. ದೊಡ್ಡಪ್ಪನವರಿಗೆ ಇದನ್ನು ಮೆಲ್ಲಗೆ ಹೇಳಿ.

---

ಧಕ್ಕೆ_ಮಂಗಳೂರು:

ಜಾಡು ಅವರೇ, ತುಂಬಾ ಚೆನ್ನಾಗಿ ಬರೆದಿದ್ದೀರಿ. ನಮ್ಮದು ಮೂರು ತಲೆಮಾರಿನಿಂದ ಮೀನು ವ್ಯಾಪಾರ, ಹಾಗಾಗಿ ಮೀನಿನ ಕಡೆಯಿಂದ ನಾನು ಸ್ವಲ್ಪ ಸೇರಿಸುತ್ತೇನೆ.

ಪಾಂಫ್ರೆಟ್ ಅನ್ನೋದು ಒಂದು ಮೀನಲ್ಲ. ನಾವು ಮಾಂಜಿ ಅಂತ ಮಾರುವುದರಲ್ಲಿ ಮುಖ್ಯವಾಗಿ ಬಿಳಿ ಮಾಂಜಿ, ಕಪ್ಪು ಮಾಂಜಿ ಅಂತ ಎರಡು. ಇವೆರಡೂ ಹೆಸರಿಗೆ ಅಣ್ಣತಮ್ಮ, ಆದರೆ ಕುಟುಂಬವೇ ಬೇರೆ. ಬಿಳಿ ಮಾಂಜಿಯ ವೈಜ್ಞಾನಿಕ ಹೆಸರು ಪಾಂಪಸ್ ಅರ್ಜೆಂಟಿಯಸ್. ಆ ಪಾಂಪಸ್‌ನಲ್ಲೂ ಪೋರ್ಚುಗೀಸರ ಪಾಂಪೊ ಕೇಳಿಸುತ್ತೆ ನೋಡಿ. ದೊಡ್ಡ ಬಿಳಿ ಮಾಂಜಿಯ ಹೊಟ್ಟೆಯ ಅಡಿ ಬೇರೆ ಮೀನುಗಳಿಗಿರುವ ಜೋಡಿ ರೆಕ್ಕೆ ಇರುವುದಿಲ್ಲ, ಹುರುಪೆ ತೀರಾ ಸಣ್ಣ, ಕೈ ಆಡಿಸಿದರೆ ಉದುರುತ್ತೆ. ಕಪ್ಪು ಮಾಂಜಿ ಟ್ರೆವಲಿ ಮೀನಿನ ಬಳಗಕ್ಕೆ ಸೇರಿದ್ದು. ಬಾಲದ ಬುಡದ ಎರಡೂ ಬದಿ ಬೆರಳಿಟ್ಟು ಸವರಿದರೆ ಗಟ್ಟಿ ಏಣು ಸಿಗುತ್ತೆ. ಬಿಳಿಯದರಲ್ಲಿ ಅದು ಇಲ್ಲ.

ಅಟ್ಲಾಂಟಿಕ್ ಸಮುದ್ರದಲ್ಲಿ ಇನ್ನೊಂದು ಬಳಗದ ಮೀನಿಗೂ ಇಂಗ್ಲಿಷಿನಲ್ಲಿ ಪಾಂಫ್ರೆಟ್ ಅಂತಾರೆ. ಅದು ಕಪ್ಪಗೆ ದಪ್ಪ ತಲೆ ಇರುವ ಮೀನು, ನಮ್ಮ ಮಾಂಜಿಗೂ ಅದಕ್ಕೂ ಸಂಬಂಧವಿಲ್ಲ. ಲೀಡ್ಸ್‌ನ ಮೇಡಂ, ಅಲ್ಲಿ ಯಾವುದಾದರೂ ಮೀನಿನಂಗಡಿಯಲ್ಲಿ ಆ ಹೆಸರು ಕಂಡರೆ ದುಡ್ಡು ಕೊಡುವ ಮುಂಚೆ ಮೀನು ನೋಡಿ.

ಒಂದು ಮಾತು ಮನಸ್ಸಿನಿಂದ ಹೇಳಬೇಕು. ಪೋರ್ಚುಗೀಸರು ಬರುವ ಮುಂಚೆ ಈ ಮೀನಿಗೆ ಹೆಸರಿರಲಿಲ್ಲ ಅಂತ ಯಾರೂ ತಿಳಿಯಬಾರದು. ತುಳುವಿನಲ್ಲೂ ನಮ್ಮ ಕಡೆಯ ಕನ್ನಡದಲ್ಲೂ ಮಾಂಜಿ, ಮಲಯಾಳದಲ್ಲಿ ಆವೋಲಿ, ತಮಿಳಿನಲ್ಲಿ ವಾವಲ್, ತೆಲುಗಿನಲ್ಲಿ ಚಂದುವ, ಬಾಂಗ್ಲಾ ಕಡೆ ರೂಪ್‌ಚಾಂದಾ. ತಮಿಳಿನ ವಾವಲ್ ಅಂದ್ರೆ ಬಾವಲಿ, ರೆಕ್ಕೆ ಬಿಚ್ಚಿದ ಆಕಾರಕ್ಕೆ. ಬಾಂಗ್ಲಾದ ಹೆಸರಿನಲ್ಲಿ ಬೆಳ್ಳಿಯೂ ಚಂದ್ರನೂ ಇದ್ದಾರೆ. ಹೀಗೆ ಒಂದೊಂದು ದಡದವರು ಒಂದೊಂದು ರೀತಿ ನೋಡಿದ್ದಾರೆ. ಈಗ ಮಂಗಳೂರಿನ ಹೋಟೆಲುಗಳ ಮೆನುವಿನಲ್ಲೇ ಮಾಂಜಿ ಅಂತ ಬರೆಯದೆ ಪಾಂಫ್ರೆಟ್ ಅಂತ ಮಾತ್ರ ಬರೆಯುತ್ತಾರೆ. ಕನ್ನಡ ಅಕ್ಷರದಲ್ಲಿ ಬರೆದರೂ ಅದೇ ಹೆಸರು. ಇದು ನನಗೆ ನಿಜಕ್ಕೂ ಬೇಸರದ ವಿಷಯ.

---

ಕಾಳಿ_ಅಳಿವೆ:

ನಮ್ಮ ಕಾರವಾರ ಕಡೆ ಕೊಂಕಣಿಯಲ್ಲಿ ಪಾಪ್ಲೆಟ್, ಪಾಂಪ್ಲೆಟ್ ಅಂತಲೇ ಹೇಳೋದು. ಮಹಾರಾಷ್ಟ್ರದವರೂ ಪಾಪ್ಲೆಟ್ ಅಂತಾರೆ. 2023ರಲ್ಲಿ ಬಿಳಿ ಪಾಪ್ಲೆಟ್ ಅನ್ನು ಅವರ ರಾಜ್ಯದ ಮೀನು ಅಂತಲೇ ಘೋಷಿಸಿದರು. ಜಾಡು ಅವರು ಹೇಳಿದ ಹಳೇ ರೂಪ ನಮ್ಮ ಬಾಯಲ್ಲಿ ಇನ್ನೂ ಇದೆ ಅಂತ ಓದಿ ಖುಷಿಯಾಯಿತು. ಇಷ್ಟು ದಿನ ಇಂಗ್ಲಿಷ್ ಹೆಸರನ್ನು ನಾವು ಹಾಳುಮಾಡಿ ಹೇಳುತ್ತಿದ್ದೇವೆ ಅಂತ ಶಾಲೆಯ ಮಕ್ಕಳಿಗೆ ಹೇಳಿಕೊಡುತ್ತಿದ್ದವರು ಇದ್ದಾರೆ. ನಿಜ ನೋಡಿದರೆ ಪೋರ್ಚುಗೀಸ್ ಮೂಲಕ್ಕೆ ಹತ್ತಿರ ಇರುವುದು ನಮ್ಮದೇ.

ಒಂದು ಅನುಮಾನ. ಚುನಾವಣೆ ಬಂದಾಗ ಹಂಚುವ ಕರಪತ್ರಕ್ಕೂ ಪಾಂಪ್ಲೆಟ್ ಅಂತಾರಲ್ಲ, ಅದಕ್ಕೂ ಈ ಮೀನಿಗೂ ಏನಾದರೂ ಇದೆಯಾ? ಎರಡೂ ತೆಳ್ಳಗೆ, ಚಪ್ಪಟೆ.

---

ಪದದ_ಜಾಡು:

ಕಾಳಿ ಅವರೇ, ಅದು ಮೂರನೇ ದಾರಿ! 12ನೇ ಶತಮಾನದ ಪಾಂಫಿಲಸ್ ಅನ್ನೋ ಲ್ಯಾಟಿನ್ ಪ್ರೇಮಕಾವ್ಯ ಯೂರೋಪಿನಲ್ಲಿ ಬಹಳ ಹೆಸರು ಮಾಡಿತ್ತು. ಚಿಕ್ಕ ಪುಸ್ತಕ, ಕೈಯಿಂದ ಕೈಗೆ ಓಡಾಡುತ್ತಿತ್ತು. ಜನ ಅದನ್ನು ಮುದ್ದಾಗಿ ಪಾಂಫಿಲೆಟ್ ಅಂದರು, ಆಮೇಲೆ ಅಂಥ ಚಿಕ್ಕ ಪುಸ್ತಕಗಳಿಗೆಲ್ಲ ಅದೇ ಹೆಸರು ನಿಂತಿತು. ಪಾಂಫಿಲಸ್ ಅಂದ್ರೆ ಗ್ರೀಕ್‌ನಲ್ಲಿ ಎಲ್ಲರಿಗೂ ಪ್ರಿಯನಾದವನು. ಮುರಿದ ಸೇತುವೆ, ದ್ರಾಕ್ಷಿ ಎಲೆ, ಪ್ರೇಮಕಾವ್ಯ ಮೂರಕ್ಕೂ ಸಂಬಂಧವಿಲ್ಲ. ಆದರೂ ಮೂರೂ ಸವೆದು ಸವೆದು ಹತ್ತಿರ ಹತ್ತಿರ ಒಂದೇ ಸದ್ದಿಗೆ ಬಂದು ನಿಂತಿವೆ.

---

ಹಾರ್ಟ್‌ಫರ್ಡ್_ಕನ್ನಡಿಗ:

ಅಮೆರಿಕದ ಊರುಗಳ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ನಾನಿರುವ ಕನೆಕ್ಟಿಕಟ್ ರಾಜ್ಯದ ಈಶಾನ್ಯ ಮೂಲೆಯಲ್ಲಿ ಒಂದು ಪಾಂಫ್ರೆಟ್ ಇದೆ, 1713ರಲ್ಲಿ ಆದ ಊರು. ಇಂಗ್ಲೆಂಡಿನ ಪಾಂಟಿಫ್ರ್ಯಾಕ್ಟ್ ನೆನಪಿಗೆ ಇಟ್ಟ ಹೆಸರು. ಆಗ ಆ ಊರಿಗೆ ಬಾಯಲ್ಲಿದ್ದ ಹೆಸರು ಪಾಂಫ್ರೆಟ್ ಆಗಿದ್ದರಿಂದ ಇಲ್ಲಿಗೂ ಅದೇ ಬಂತು. ಮೂಲ ಊರಿನಲ್ಲಿ ಹೆಸರು ಬದಲಾದರೂ ವಲಸೆ ಬಂದವರ ಊರಿನಲ್ಲಿ ಹಳೆಯದು ಹಾಗೇ ಉಳಿದಿದೆ. ಇಲ್ಲಿ ಒಂದು ತೋಳದ ಗುಹೆ ಇದೆ. ಇಸ್ರೇಲ್ ಪುಟ್ನಂ, ಮುಂದೆ ಸ್ವಾತಂತ್ರ್ಯ ಯುದ್ಧದಲ್ಲಿ ಜನರಲ್ ಆದವನು, ಕುರಿಗಳನ್ನು ಕೊಲ್ಲುತ್ತಿದ್ದ ಒಂದು ತೋಳವನ್ನು 1742ರ ಚಳಿಗಾಲದಲ್ಲಿ ಅದರೊಳಗೆ ತೆವಳಿ ಹೋಗಿ ಕೊಂದ ಅಂತ ಇಲ್ಲಿನ ಮಕ್ಕಳಿಗೆಲ್ಲ ಗೊತ್ತು.

ವರ್ಮಾಂಟ್ ರಾಜ್ಯದ ಪಾಂಫ್ರೆಟ್‌ಗೆ 1761ರಲ್ಲಿ ಸನದು ಸಿಕ್ಕಿತು. ಶರತ್ಕಾಲದಲ್ಲಿ ಮೇಪಲ್ ಎಲೆ ಕೆಂಪಾದಾಗ ಅಲ್ಲಿನ ಒಂದು ತೋಟದ ಮನೆಯ ಫೋಟೋ ತೆಗೆಯಲು ಎಷ್ಟು ಜನ ನುಗ್ಗುತ್ತಾರೆ ಅಂದ್ರೆ, 2023ರಲ್ಲಿ ಊರಿನವರು ಆ ದಿನಗಳಲ್ಲಿ ರಸ್ತೆಯನ್ನೇ ಹೊರಗಿನವರಿಗೆ ಮುಚ್ಚಿಸಿದರು. ನ್ಯೂಯಾರ್ಕ್, ಮೇರಿಲ್ಯಾಂಡ್ ರಾಜ್ಯಗಳಲ್ಲೂ ಪಾಂಫ್ರೆಟ್ ಇವೆ.

ದಕ್ಷಿಣ ಆಫ್ರಿಕಾದಲ್ಲಿ, ಕಲಹರಿ ಮರುಭೂಮಿಯ ಅಂಚಿನಲ್ಲಿ ಇನ್ನೊಂದು ಪಾಂಫ್ರೆಟ್ ಇದೆ. ಅದರ ಕಥೆ ಓದಿ ನನಗೆ ತುಂಬಾ ಹೊತ್ತು ಮನಸ್ಸು ಭಾರವಾಗಿತ್ತು. ಅದು ಆಸ್ಬೆಸ್ಟಾಸ್ ಗಣಿ ಊರು. ಅಂಗೋಲಾದಿಂದ ಬಂದು ದಕ್ಷಿಣ ಆಫ್ರಿಕಾದ ಸೇನೆಯ 32ನೇ ಬೆಟಾಲಿಯನ್‌ನಲ್ಲಿ ಹೋರಾಡಿದವರನ್ನು, ಅವರ ಕುಟುಂಬಗಳನ್ನು 1989ರಲ್ಲಿ ಅಲ್ಲಿ ತಂದು ಇಳಿಸಿದರು. 1993ರಲ್ಲಿ ಬೆಟಾಲಿಯನ್ ಬರಖಾಸ್ತಾಯಿತು, ಜನ ಅಲ್ಲೇ ಉಳಿದರು. ಸುತ್ತ ಆಸ್ಬೆಸ್ಟಾಸ್ ಧೂಳು, ಕೆಲಸವಿಲ್ಲ, ಆಮೇಲೆ ಊರು ಖಾಲಿ ಮಾಡಿ ಅಂತ ಸರ್ಕಾರದ ಒತ್ತಾಯ. ಅಂಗೋಲಾ ಪೋರ್ಚುಗೀಸರ ವಸಾಹತು ಆಗಿದ್ದರಿಂದ ಅವರಾಡುವ ಮಾತು ಪೋರ್ಚುಗೀಸ್. ಪಾಂಫ್ರೆಟ್ ಅನ್ನೋ ಹೆಸರಿನ ಊರುಗಳಲ್ಲಿ, ಮೀನಿಗೆ ಹೆಸರು ಕೊಟ್ಟ ಭಾಷೆಯನ್ನು ಆಡುವ ಊರು ಅದು.

---

ಬ್ರಹ್ಮಾವರ_ಲೀಡ್ಸ್:

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ. ಜಾಡು ಅವರೇ, ಇನ್ನೊಂದು ಪ್ರಶ್ನೆ. ಮೀನಿನ ಹೆಸರು ಪಾಂಪ್ಲಿ, ಪಾಂಪ್ಲೆಟ್ ಅಂತ ಇತ್ತು ಸರಿ. ಅದರಲ್ಲಿ ಫ ಎಲ್ಲಿಂದ ಬಂತು, ಲ ಹೋಗಿ ರ ಯಾಕೆ ಬಂತು? ಸರಿಯಾಗಿ ಊರಿನ ಹೆಸರಿನ ಹಾಗೇ ಆಗಿದ್ದು ಬರೀ ಆಕಸ್ಮಿಕವಾ? ಮತ್ತೆ ಮೀನಿನ ಹೆಸರೇ ಇರುವ ಊರು ಎಲ್ಲೂ ಇಲ್ವಾ? ಅಕ್ಕನಿಗೂ ಏನಾದರೂ ಉತ್ತರ ಕೊಡಬೇಕಲ್ಲ!

---

ಪದದ_ಜಾಡು:

ನಿಮ್ಮ ಮೊದಲ ಪ್ರಶ್ನೆಯಲ್ಲೇ ದೊಡ್ಡಪ್ಪನವರಿಗೆ ಸ್ವಲ್ಪ ಜಾಗ ಇದೆ. ಯೂಲ್ ಮತ್ತು ಬರ್ನೆಲ್ ಸೇರಿ ಮಾಡಿದ ಆಂಗ್ಲೋ ಇಂಡಿಯನ್ ಪದಗಳ ಕೋಶ 1886ರಲ್ಲಿ ಬಂತು. ಅದರಲ್ಲಿ ಪಾಂಫ್ರೆಟ್ ಮೀನಿನ ಹೆಸರಿಗೆ ಪೋರ್ಚುಗೀಸ್ ದ್ರಾಕ್ಷಿ ಎಲೆಯನ್ನೇ ಮೂಲವಾಗಿ ಹೇಳಿದ್ದಾರೆ. ಆ ಬರ್ನೆಲ್ ನಮ್ಮ ಮಂಗಳೂರಿನಲ್ಲಿ ಜಡ್ಜ್ ಆಗಿದ್ದವನು. ತುಳುವರ ಭೂತಾರಾಧನೆಯ ಬಗ್ಗೆ ಬರೆದವನೂ ಅವನೇ.

ಈಗ ನನ್ನ ಅನಿಸಿಕೆ ಹೇಳುತ್ತೇನೆ, ಅನಿಸಿಕೆ ಅಂತಲೇ ತಗೊಳ್ಳಿ. ಪಾಂಪ್ಲೆಟ್ ಅನ್ನೋ ಹೊರಗಿನ ಹೆಸರು ಇಂಗ್ಲಿಷರ ಕಿವಿಗೆ ಬಿದ್ದಾಗ, ಅವರಿಗೆ ಮೊದಲೇ ರೂಢಿಯಲ್ಲಿದ್ದ ಊರಿನ ಹೆಸರೊಂದು ತಲೆಯಲ್ಲಿತ್ತು. ಪಾಂಫ್ರೆಟ್ ಊರಿನ ಹೆಸರಷ್ಟೇ ಅಲ್ಲ, ಆ ಹೆಸರಿನ ಮನೆತನಗಳಿದ್ದವು, 1721ರಿಂದ ಪಾಂಫ್ರೆಟ್‌ನ ಅರ್ಲ್ ಅನ್ನೋ ಬಿರುದೂ ಇತ್ತು. ಅಪರಿಚಿತ ಸದ್ದು ಬಂದರೆ ನಾಲಿಗೆ ಅದನ್ನು ಪರಿಚಿತ ಸದ್ದಿನ ಕಡೆ ಎಳೆಯುತ್ತೆ. ನಮ್ಮ ಹಳ್ಳಿಗಳಲ್ಲಿ ಹಾಸ್ಪಿಟಲ್ ಆಸ್ಪತ್ರೆ ಆಗಿದ್ದನ್ನು ನೋಡಿ. ಕೊನೆಯ ಭಾಗ ಪತ್ರೆ ಅಂತ ನಮಗೆ ಗೊತ್ತಿದ್ದ ಮಾತಿನ ಹಾಗಾಗಿದೆ. ಹಾಗಾಗಿ ಊರಿನಿಂದ ಮೀನಿಗೆ ಹೆಸರು ಬರಲಿಲ್ಲ, ಆದರೆ ಮೀನಿನ ಹೆಸರಿನ ಕೊನೆಯ ಆಕಾರ ತಿದ್ದುವುದರಲ್ಲಿ ಊರಿನ ಹೆಸರಿನ ಕೈ ಇರಬಹುದು.

ಅಕ್ಕನವರಿಗೆ ಫ್ಲಾರಿಡಾ ಇದೆ. ಅಲ್ಲಿನ ಪಾಂಪಾನೊ ಬೀಚ್ ನಗರದ ಹೆಸರು ಮೀನಿನಿಂದಲೇ ಬಂದದ್ದು. ರೈಲು ಹಾದಿಗಾಗಿ ಸರ್ವೆ ಮಾಡಲು ಬಂದವರು ಊಟಕ್ಕೆ ಬಡಿಸಿದ ಮೀನಿನ ಹೆಸರನ್ನೇ ನಕ್ಷೆಯಲ್ಲಿ ಗುರುತು ಹಾಕಿಕೊಂಡರು ಅಂತ ಅಲ್ಲಿನವರು ಹೇಳುವ ಕಥೆ. ಊರಾಗಿ 1908ರಲ್ಲಿ ನೋಂದಣಿಯಾಯಿತು, 1947ರಲ್ಲಿ ಪಕ್ಕದ ಸಮುದ್ರದ ದಡದ ಊರೂ ಸೇರಿ ಪಾಂಪಾನೊ ಬೀಚ್ ಆಯಿತು. ಪಾಂಪಾನೊ ಅಂದ್ರೆ ಅದೇ ದ್ರಾಕ್ಷಿ ಎಲೆ, ಅಲ್ಲಿಗೆ ಸ್ಪ್ಯಾನಿಷ್ ಮೂಲಕ ಹೋದದ್ದು. ನಮ್ಮ ಹತ್ತಿರ ಬೇಕಾದರೆ ಆಂಧ್ರದ ಮಚಲೀಪಟ್ಟಣಂ ಇದೆ, ಹೆಸರಿನಲ್ಲೇ ಮೀನಿದೆ, ಆದರೂ ಅಲ್ಲಿನ ಜನ ಬಂದರು ಅಂತಲೇ ಕರೆಯೋದು ಜಾಸ್ತಿ.

---

ಜಯನಗರ_4ನೇ_ಬ್ಲಾಕ್:

ಮಧ್ಯೆ ಬಾಯಿ ಹಾಕ್ತಿದ್ದೇನೆ. ಬೆಂಗಳೂರಿನಲ್ಲಿ ಪಾಂಫ್ರೆಟ್ ಅಂತ ಕಿಲೋಗೆ ತುಂಬಾ ಕಡಿಮೆ ಬೆಲೆಗೆ ಒಂದು ಮೀನು ಕೊಡ್ತಾರೆ, ಹೊಟ್ಟೆ ಕೆಂಪಗಿರುತ್ತೆ. ಇನ್ನು ಕೆಲವು ಕಡೆ ಗೋಲ್ಡನ್ ಪಾಂಫ್ರೆಟ್ ಅಂತ ಇನ್ನೊಂದು. ಇವು ಮಾಂಜಿಯೇನಾ?

---

ಧಕ್ಕೆ_ಮಂಗಳೂರು:

ಎರಡೂ ಮಾಂಜಿ ಅಲ್ಲ. ಕೆಂಪು ಹೊಟ್ಟೆಯದು ಪಾಕು, ದಕ್ಷಿಣ ಅಮೆರಿಕದ ಅಮೆಜಾನ್ ಕಡೆಯ ಸಿಹಿನೀರಿನ ಮೀನು. ಕೆರೆ, ಕೊಳಗಳಲ್ಲಿ ಸಾಕುತ್ತಾರೆ, ರೂಪಚಂದ್ ಅನ್ನೋ ಹೆಸರಲ್ಲಿ ವ್ಯಾಪಾರ. ನಾನು ಮೇಲೆ ಬರೆದ ಬಾಂಗ್ಲಾದ ಹೆಸರನ್ನೇ ಇದಕ್ಕೆ ಅಂಟಿಸಿದ್ದಾರೆ. ಬಾಯಿ ತೆರೆದು ನೋಡಿ, ಮನುಷ್ಯರ ಹಲ್ಲಿನಂಥ ಚಪ್ಪಟೆ ಹಲ್ಲು ಇರುತ್ತೆ. ಬೆನ್ನಿನ ರೆಕ್ಕೆಯಾದ ಮೇಲೆ ಬಾಲದ ಹತ್ತಿರ ಮಾಂಸದ ಚಿಕ್ಕ ರೆಕ್ಕೆ ಒಂದಿರುತ್ತೆ. ಮಾಂಜಿಯಲ್ಲಿ ಇವೆರಡೂ ಇಲ್ಲ. ತಿನ್ನಬಾರದು ಅಂತ ಹೇಳುತ್ತಿಲ್ಲ, ಅದನ್ನು ಅದರ ಹೆಸರಿನಲ್ಲೇ, ಅದರ ಬೆಲೆಗೇ ಮಾರಬೇಕು.

ಗೋಲ್ಡನ್ ಅಂತ ಮಾರುವುದು ಹೆಚ್ಚಾಗಿ ಪಾಂಪಾನೊ. ಹೌದು, ಜಾಡು ಅವರು ಹೇಳಿದ ಫ್ಲಾರಿಡಾದ ಮೀನಿನ ಬಳಗವೇ. ನಮ್ಮಲ್ಲಿ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು 2011ರಲ್ಲಿ ತಮಿಳುನಾಡಿನ ಮಂಡಪಂನಲ್ಲಿ ಮೊದಲ ಸಲ ಬೆಳ್ಳಿ ಪಾಂಪಾನೊದ ಮರಿ ಮಾಡಿಸಿದರು. ಆಮೇಲೆ ಸಾಕಣೆ ಹಬ್ಬಿತು. ರುಚಿ ಚೆನ್ನಾಗಿದೆ, ಮಾಂಸ ಗಟ್ಟಿ, ಸಾರಿಗಿಂತ ತವಾ ಫ್ರೈಗೆ ಒಳ್ಳೆಯದು. ಅಂಗಡಿಯವರನ್ನು ಕೇಳುವಾಗ ಪಾಂಫ್ರೆಟ್ ಅಂತ ಕೇಳಬೇಡಿ, ಬಿಳಿ ಮಾಂಜಿ ಇದೆಯಾ ಅಂತ ಕೇಳಿ. ಕರಾವಳಿಯಿಂದ ಮೀನು ತರಿಸುವವರಾದರೆ ತಕ್ಷಣ ಅರ್ಥವಾಗುತ್ತೆ, ಬೇರೆ ಮೀನು ತಂದು ಮುಂದಿಡುವುದಿಲ್ಲ.